ತೊಟ್ಟಿಲ ಮೇಲಿನ ಇಕ್ಕಳ

ಕೊರೊನಾದ ಭಯ ತಗ್ಗುತ್ತ ಬಂದಿದ್ದ ಒಂದು ವಸಂತದಲ್ಲಿ, ನಾವಿರುವ ವಿಲ್ಮಿಂಗ್ಟನ್ನಿನ ಉತ್ತರಕ್ಕಿರುವ ಜೌಗು ಕಾಡಿಗೆ ಬೆಂಕಿ ಬಿತ್ತು. ನಾರ್ತ್ ಕೆರೊಲಿನಾದ ಕಡಲಂಚಿನ ಈ ಸೀಮೆಯಲ್ಲಿ ಕಾಡಿನ ಜೊತೆಗೆ ನೆಲವೂ ಉರಿಯುತ್ತದೆ. ಎಲೆ, ಬೇರು, ಪಾಚಿ ಎಲ್ಲ ಯಾವ ಕಾಲದಿಂದಲೋ ನೀರಲ್ಲಿ ನೆನೆದು, ಕೊಳೆತು, ಕಪ್ಪಾಗಿ ಆದ ಮಣ್ಣು ಅದು. ಮೇಲಿನ ಉರಿ ಆರಿದರೂ ಒಳಗೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೀದಿಯೆಲ್ಲ ಮಸುಕು ಮಸುಕು. ನನ್ನ ಗಂಡ ಒಂದೊಂದೇ ಕಿಟಕಿ ಮುಚ್ಚುತ್ತ ಅಡಿಗೆಮನೆಗೆ ಬಂದ. ನಾನು ಅಲ್ಲಿ ಕಿಟಕಿ ತೆರೆದುಕೊಂಡು ನಿಂತಿದ್ದೆ. "ಸ್ಮೋಕ್ ಎಲ್ಲ ಒಳಗೆ ಬರ್ತಿದೆ, ಕ್ಲೋಸ್ ಮಾಡು," ಅಂದ. ಸ್ವಲ್ಪ ಹೊತ್ತು ಇರಲಿ ಅಂದೆ. ಒದ್ದೆ ಕಂಬಳಿಯ ಹಾಗೆ, ಮಳೆ ನಿಂತ ಹೊಲದ ಹಾಗೆ, ಅಂಚಿನಲ್ಲಿ ಒಂದಿಷ್ಟು ಬೆಲ್ಲ ಸೀದ ಹಾಗೆ ಇದ್ದ ಆ ವಾಸನೆ ನನಗೆ ಗೊತ್ತಿತ್ತು. ಅದು ನಾನು ಚಿಕ್ಕವಳಿದ್ದಾಗ, ಬಾಲ್ಟಿಮೋರ್ ಹತ್ತಿರದ ಎಲಿಕಾಟ್ ಸಿಟಿಯಲ್ಲಿ ನಮ್ಮ ಪಕ್ಕಕ್ಕಿದ್ದ ಮನೆಯ ವಾಸನೆ. ಆ ಮನೆಯ ನೋರಾ ಆಂಟಿ ಹಿಂದಿನ ಚಳಿಗಾಲದಲ್ಲಷ್ಟೇ ತೀರಿಕೊಂಡಿದ್ದಳು.

ನಾನಾಗ ಎರಡನೇ ಗ್ರೇಡಿನಲ್ಲಿದ್ದೆ. ಎಲಿಕಾಟ್ ಸಿಟಿಯ ಹಳೆಯ ಬೀದಿಗಳು ಗುಡ್ಡದಿಂದ ನದಿಯ ಕಡೆಗೆ ಇಳಿಯುತ್ತವೆ. ಅಂಥ ಒಂದು ಬೀದಿಯ ತಲೆಯ ಮೇಲೆ ನಮ್ಮ ಮನೆ, ಅದರ ಪಕ್ಕಕ್ಕೆ ನೋರಾ ಆಂಟಿಯ ಕಲ್ಲಿನ ಮನೆ. ಎರಡು ಹಿತ್ತಲುಗಳ ನಡುವೆ ಬೇಲಿ ಇರಲಿಲ್ಲ. ಮೈತುಂಬ ಮುಳ್ಳಿದ್ದ, ಮೇ ತಿಂಗಳಲ್ಲಿ ಬೆಳ್ಳಗೆ ಹೂಬಿಡುವ ಒಂದು ಕುಳ್ಳ ಮರ ಇತ್ತು. ನೋರಾ ಆಂಟಿ ಐರ್ಲೆಂಡಿನ ಪಶ್ಚಿಮದ ಹಳ್ಳಿಯೊಂದರಿಂದ ಹರೆಯದಲ್ಲೇ ಬಾಲ್ಟಿಮೋರಿಗೆ ಬಂದು, ಆಸ್ಪತ್ರೆಯೊಂದರ ಅಡಿಗೆಮನೆಯಲ್ಲಿ ದುಡಿದವಳು. ರೈಲ್ವೆಯಲ್ಲಿದ್ದ ಗಂಡ ಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅಪ್ಪ ಅಮ್ಮ ಕೆಲಸದಿಂದ ಬರುವವರೆಗೆ ನಾನು ಇರುತ್ತಿದ್ದುದು ಅವಳ ಅಡಿಗೆಮನೆಯಲ್ಲಿ. ಅಲ್ಲಿ ಒಂದು ದೊಡ್ಡ ಒಲೆಗೂಡು. ಅವಳ ಊರಿನ ಕಡೆ ಜೌಗು ನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆಗಳನ್ನೇ ಸೌದೆಯಂತೆ ಉರಿಸುತ್ತಾರೆ. ನೆಂಟರು ಯಾರೋ ವರ್ಷಕ್ಕೊಮ್ಮೆ ಒಂದು ಪೆಟ್ಟಿಗೆಯಲ್ಲಿ ಅದನ್ನು ಕಳಿಸುತ್ತಿದ್ದರು. ಹಬ್ಬದ ದಿನ, ಸತ್ತವರ ದಿನ, ಇಲ್ಲವೇ ಸುಮ್ಮನೆ ಊರು ನೆನಪಾದ ದಿನ, ಮಾಮೂಲಿ ಕಟ್ಟಿಗೆಯ ಮೇಲೆ ಒಂದು ಚೂರು ಇಡುತ್ತಿದ್ದಳು. ಆ ಹೊಗೆ ಪರದೆಗಳಿಗೆ, ಅವಳ ಉಣ್ಣೆಯ ಶಾಲಿಗೆ, ನನ್ನ ಜಡೆಗೆ ಅಂಟಿಕೊಳ್ಳುತ್ತಿತ್ತು. ಮನೆಗೆ ಹೋದರೆ ಅಮ್ಮ ನನ್ನ ತಲೆ ಮೂಸಿ, "ಇವತ್ತು ನಿನ್ನ ಆಂಟಿಗೆ ಊರು ನೆನಪಾಗಿತ್ತಾ?" ಅನ್ನುತ್ತಿದ್ದಳು.

ಆ ವರ್ಷ ಅಮ್ಮ ಬಸುರಿ. ಬಾಣಂತನಕ್ಕೆಂದು ಎಲೆ ಉದುರುವ ಹೊತ್ತಿಗೇ ಧಾರವಾಡದಿಂದ ಅಪ್ಪನ ತಾಯಿ ಬಂದಳು. ಅಜ್ಜಿಗೆ ಕನ್ನಡವೊಂದೇ ಬರುತ್ತಿತ್ತು. ನೋರಾ ಆಂಟಿಗೆ ಇಂಗ್ಲಿಷ್, ಅದರ ಕೆಳಗೆ ಬೂದಿಯೊಳಗಿನ ಕೆಂಡದಂತೆ ಅವಳ ಊರಿನ ಇನ್ನೊಂದು ಹಳೆಯ ಭಾಷೆ. ಇಬ್ಬರ ನಡುವೆ ಸ್ಟೂಲಿನ ಮೇಲೆ ನಾನು. ಅಜ್ಜಿ ಬಂದ ಮೊದಲ ವಾರದಲ್ಲೇ ಒಂದು ಸಂಜೆ ನೋರಾ ಆಂಟಿ ಪಾತ್ರೆ ತೊಳೆದ ನೀರನ್ನು ಹಿತ್ತಲಿಗೆ ಚೆಲ್ಲುವ ಮುನ್ನ ಬಾಗಿಲಲ್ಲಿ ನಿಂತು ಏನೋ ಕೂಗಿದಳು. "ಅಕೀ ಯಾರನ್ನ ಕರ್ಯಾಕತ್ಯಾಳವಾ?" ಅಂದಳು ಅಜ್ಜಿ. ನೋರಾ ಆಂಟಿಯನ್ನು ಕೇಳಿದೆ. ಕತ್ತಲಾದ ಮೇಲೆ ಹೊರಗೆ ಓಡಾಡುವವರು ಇರುತ್ತಾರೆ, ಅವರ ಮೈಮೇಲೆ ಕೊಳೆ ನೀರು ಬೀಳಬಾರದು, ಅದಕ್ಕೆ ಸರಿಯಿರಿ ಎಂದು ಹೇಳಿ ಚೆಲ್ಲಬೇಕು ಅಂದಳು. ಯಾರವರು ಎಂದು ಕೇಳಿದರೆ ಹೆಸರು ಹೇಳಲಿಲ್ಲ. ಒಳ್ಳೆಯ ಜನ ಅನ್ನಬೇಕಂತೆ. ಅವರು ಗುಡ್ಡದೊಳಗೆ, ಮುಳ್ಳಿನ ಮರದ ಬುಡದಲ್ಲಿ ಮನೆ ಮಾಡಿಕೊಂಡಿರುವವರು. ಹೆಸರು ಹಿಡಿದು ಕರೆದರೆ ಮುನಿಯುತ್ತಾರೆ. ನಾನು ಇದನ್ನೆಲ್ಲ ನನ್ನ ಅರೆಬರೆ ಕನ್ನಡದಲ್ಲಿ ಒಪ್ಪಿಸಿದಾಗ ಅಜ್ಜಿ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು. "ಖರೇನ. ನಾವೂ ರಾತ್ರಿ ಹಾವಿಗೆ ಹಾವು ಅನ್ನಂಗಿಲ್ಲ, ಹುಳ ಅಂತೀವಿ ಅಂತ ಹೇಳು."

ಅಲ್ಲಿಂದ ಶುರುವಾಯಿತು. ಇವತ್ತು ನೆನೆದರೆ ಆ ಚಳಿಗಾಲವೆಲ್ಲ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ಕಾಣುತ್ತದೆ. ಹೊರಗೆ ಹಿಮ, ಒಳಗೆ ಒಲೆಯ ಕೆಂಪು, ಅಜ್ಜಿ ಜೋಳದ ರೊಟ್ಟಿ ಬಡಿದರೆ ನೋರಾ ಆಂಟಿ ದುಂಡನೆಯ ಬ್ರೆಡ್ಡಿನ ಹಿಟ್ಟಿಗೆ ಚಾಕುವಿನಿಂದ ಗೆರೆ ಎಳೆಯುತ್ತಿದ್ದಳು. ಗೆರೆ ಎಳೆಯದಿದ್ದರೆ ಒಳಗಿನ ಒಳ್ಳೆಯ ಜನ ಹೊರಗೆ ಹೋಗುವುದು ಹೇಗೆ ಎಂಬುದು ಅವಳ ಮಾತು. ಅವಳ ಊರಲ್ಲಿ ಮೇ ತಿಂಗಳ ಮೊದಲ ದಿನ ಯಾರೂ ಮನೆಯಿಂದ ಕೆಂಡ ಕೊಡುತ್ತಿರಲಿಲ್ಲ, ಹಾಲು ಕೊಡುತ್ತಿರಲಿಲ್ಲ. ಕೊಟ್ಟರೆ ಮನೆಯ ಏಳಿಗೆಯೇ ಅದರ ಹಿಂದೆ ಹೋಗುತ್ತದೆ. "ದೀಪ ಹಚ್ಚಿದ ಮ್ಯಾಲ ನಾವೂ ಮೊಸರು ಕೊಡಂಗಿಲ್ಲ," ಅಂದಳು ಅಜ್ಜಿ. ನೋರಾ ಆಂಟಿಯ ಊರಲ್ಲಿ ಯಾರಾದರೂ ಬೆಣ್ಣೆ ಕಡೆಯುವಾಗ ಒಳಗೆ ಬಂದವರು ಕಡೆಗೋಲಿಗೆ ಒಮ್ಮೆ ಕೈ ಹಾಕಿಯೇ ಹೋಗಬೇಕು, ಇಲ್ಲದಿದ್ದರೆ ಅವರ ಕಣ್ಣು ಬೆಣ್ಣೆಯ ಮೇಲೆ ಬಿದ್ದ ಹಾಗೆ. ಇದನ್ನು ಕೇಳಿದ ಅಜ್ಜಿ ಮರುದಿನವೇ ನಮ್ಮ ಮನೆಯಲ್ಲಿ ಮಜ್ಜಿಗೆ ಕಡೆಯುತ್ತ ನೋರಾ ಆಂಟಿಯನ್ನು ಕರೆಸಿ, ಕಡೆಗೋಲನ್ನು ಅವಳ ಕೈಗೆ ಕೊಟ್ಟು, ಸಂತೋಷದಿಂದ ನೋಡುತ್ತ ಕೂತಳು.

ಮಲಗುವ ಮೊದಲು ನೋರಾ ಆಂಟಿ ಬೆಂಕಿಯನ್ನು ಆರಿಸುತ್ತಿರಲಿಲ್ಲ, ಮಲಗಿಸುತ್ತಿದ್ದಳು. ಕೆಂಡಗಳನ್ನು ಉದ್ದನೆಯ ಕಬ್ಬಿಣದ ಇಕ್ಕಳದಿಂದ ಒಟ್ಟುಗೂಡಿಸಿ, ಮೇಲೆ ಬೂದಿಯ ಹೊದಿಕೆ ಎಳೆದು, ತುಟಿಯಲ್ಲೇ ಏನೋ ಪ್ರಾರ್ಥನೆ ಹೇಳುತ್ತಿದ್ದಳು. ಆ ಇಕ್ಕಳ ಅವಳ ತಾಯಿಯದು. ಒಂದು ಸಲ ಅಜ್ಜಿ ಅದನ್ನು ಎತ್ತಿ ನೋಡಿ, "ಎಷ್ಟು ವಜ್ಜಾ ಐತವಾ ಇದು," ಎಂದು ಬೆರಗಾದಳು.

ಒಂದು ದಿನ ನೋರಾ ಆಂಟಿ ಗೋಡೆಯ ಮೇಲಿದ್ದ ಹಳೆಯ ಫೋಟೋ ಇಳಿಸಿ ತೋರಿಸಿದಳು. ಕಲ್ಲುಗೋಡೆಯ ಮುಂದೆ ಲಂಗ ತೊಟ್ಟ ಮಗು. "ಇವನು ನನ್ನ ಅಣ್ಣ," ಅಂದಳು. ನನಗೆ ನಗು ಬಂತು. ಒಳ್ಳೆಯ ಜನಕ್ಕೆ ಗಂಡುಮಕ್ಕಳ ಮೇಲೆ ಆಸೆ ಹೆಚ್ಚು, ಕದ್ದೊಯ್ಯುತ್ತಾರೆ. ಅದಕ್ಕೇ ಹುಡುಗರಿಗೆ ದೊಡ್ಡವರಾಗುವವರೆಗೆ ಲಂಗ ತೊಡಿಸಿ ಹೆಣ್ಣೆಂದು ನಂಬಿಸುತ್ತಿದ್ದರಂತೆ. ಅಜ್ಜಿ ಫೋಟೋವನ್ನು ಬಹಳ ಹೊತ್ತು ನೋಡಿದಳು. "ನನ್ನ ಹೆಸರು ಏನು ಅಂತ ಅಕೀಗೆ ಹೇಳವಾ. ತಿಪ್ಪವ್ವ ಅಂದ್ರ ಏನು ಅಂತ ಹೇಳು. ನನಗಿಂತ ಮದಲ ಹುಟ್ಟಿದ್ವು ಒಂದೂ ಉಳಿಲಿಲ್ಲ. ಅದಕ್ಕ ನನ್ನ ತಿಪ್ಪಿ ಮ್ಯಾಲ ಒಗದು, ಕಸದಾಗಿಂದ ಎತ್ತಿಕೊಂಡು ಬಂದಂಗ ಎತ್ತಿಕೊಂಡು ಬಂದ್ರು. ತಿಪ್ಪಿ ಮ್ಯಾಲಿನ ಕಸಾ ಯಾರಿಗೆ ಬೇಕು? ಸಾವಿಗೂ ಬ್ಯಾಡ." ಸಗಣಿಯ ಗುಡ್ಡೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಕೈಯಲ್ಲಿ ಮೂಗು ಮುಚ್ಚಿ ಅಭಿನಯಿಸಿದೆ. ನೋರಾ ಆಂಟಿಗೆ ತಕ್ಷಣ ಅರ್ಥವಾಯಿತು. ಎದ್ದು ಬಂದು ಅಜ್ಜಿಯ ಕೆನ್ನೆಯ ಮೇಲೆ ಕೈಯಿಟ್ಟಳು. "ಸಾವಿಗೆ ಚೆನ್ನಾಗಿ ಮೋಸ ಮಾಡಿದ್ದಾರೆ," ಅಂದಳು.

ತಮ್ಮ ಹುಟ್ಟಿದ್ದು ಫೆಬ್ರವರಿಯಲ್ಲಿ, ದಿನ ತುಂಬುವ ಬಹಳ ಮುಂಚೆ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ವಾರಗಟ್ಟಲೆ ಇದ್ದ. ಅಪ್ಪ ದಾಖಲೆಯಲ್ಲಿ ವಿಕ್ರಮ ಎಂದು ಬರೆಸಿದ್ದರು. ಅಜ್ಜಿ ಮಾತ್ರ ಮೊದಲ ದಿನದಿಂದಲೇ ಕಲ್ಲ ಎಂದಳು, ಕಲ್ಲನ್ನು ಯಾರೂ ಒಯ್ಯುವುದಿಲ್ಲವಲ್ಲ. ನೋರಾ ಆಂಟಿಯೂ ನಾಲಿಗೆ ಹೊರಳಿಸಿ ಹೊರಳಿಸಿ ಆ ಹೆಸರು ಕಲಿತಳು. ಮನೆಗೆ ತಂದ ದಿನ ಅವನು ನನ್ನ ಗೊಂಬೆಗಿಂತ ತುಸುವೇ ದೊಡ್ಡವನಿದ್ದ. ಅಜ್ಜಿ ತೊಟ್ಟಿಲ ಹಾಸಿಗೆಯ ಕೆಳಗೆ ಅಡಿಗೆಯ ಚಾಕು ಇಡುತ್ತಿದ್ದಾಗಲೇ ಹಿಂಬಾಗಿಲಿಂದ ನೋರಾ ಆಂಟಿ ಬಂದಳು. ಅವಳ ಕೈಯಲ್ಲಿ ಇಕ್ಕಳ. ಅದನ್ನು ತೊಟ್ಟಿಲಿಗೆ ಅಡ್ಡಲಾಗಿ, ಎರಡು ಅಂಚಿನ ಮೇಲೂ ಕೂರುವಂತೆ ಇಟ್ಟಳು. ಅಜ್ಜಿ ಹಾಸಿಗೆ ಎತ್ತಿ ಚಾಕು ತೋರಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಿನ ಯಾರಿಗೂ ನನ್ನ ಅನುವಾದ ಬೇಕಾಗಲಿಲ್ಲ.

ಅಪ್ಪ ಸೇತುವೆಗಳನ್ನು ಪರೀಕ್ಷಿಸುವ ಎಂಜಿನಿಯರ್. ಯಾವ ಭಾರ ಎಲ್ಲಿ ಕೂತಿದೆ, ಎಲ್ಲಿಂದ ಜಾರಬಹುದು ಎಂದು ನೋಡುವುದೇ ಅವರ ಕೆಲಸ. ಸಂಜೆ ಬಂದವರು ತೊಟ್ಟಿಲು ನೋಡಿ ನಿಂತೇಬಿಟ್ಟರು. "ಯವ್ವಾ, ಇಷ್ಟು ವಜ್ಜಾ ಕಬ್ಬಿಣ ಕೂಸಿನ ಮ್ಯಾಲ ಬಿದ್ರ ಏನ್ಮಾಡ್ತೀ?" ಅಂದರು. ಅಮ್ಮ ಮೈಸೂರಿನವಳು, ಸ್ವತಃ ಡಾಕ್ಟರು. "ಇರ್ಲಿ ಬಿಡಿ, ನಾನು ನೋಡ್ಕೋತೀನಿ, ಅವರ ಸಮಾಧಾನಕ್ಕೆ," ಅಂದಳು. ಕೆಲವು ದಿನ ಇತ್ತು. ಆಮೇಲೊಂದು ಭಾನುವಾರ ಅಪ್ಪ ಇಕ್ಕಳ, ಚಾಕು ಎರಡನ್ನೂ ತೆಗೆದು ಗ್ಯಾರೇಜಿನ ಮೇಲಿನ ಹಲಗೆಯ ಮೇಲೆ ಇಟ್ಟರು. ಜಗಳವೇನೂ ಆಗಲಿಲ್ಲ. ಅಜ್ಜಿ ಅಂದಿನಿಂದ ತೊಟ್ಟಿಲ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು, ಅಷ್ಟೆ.

ಆ ಮೇ ತಿಂಗಳಂಥ ಮೇ ತಿಂಗಳನ್ನು ನಾನು ಮತ್ತೆ ಕಂಡಿಲ್ಲ. ಮುಳ್ಳಿನ ಮರ ಹೂವಿನಿಂದ ಮುಚ್ಚಿಹೋಗಿತ್ತು. ಆ ಹೂವಿಗೆ ಸಿಹಿಯ ಜೊತೆಗೆ ಏನೋ ಕೆಟ್ಟಿರುವ ಹಾಗಿನ ವಾಸನೆಯೂ ಇತ್ತು. ಒಂದು ರೆಂಬೆ ಮುರಿದು ಒಳಗೆ ತರಲು ಹೋದವಳನ್ನು ನೋರಾ ಆಂಟಿ ಅಂಗಳದಲ್ಲೇ ತಡೆದು, ಅದು ಮನೆಯೊಳಗೆ ಬರಬಾರದ ಹೂವು ಎಂದು ಮೆಲ್ಲನೆ ಕೈಯಿಂದ ಬಿಡಿಸಿಕೊಂಡಿದ್ದಳು. ಮಧ್ಯಾಹ್ನ ಅಮ್ಮ ಹಿತ್ತಲಲ್ಲಿ ಕಂಬಳಿ ಹಾಸಿ ಕಲ್ಲನನ್ನು ಮಲಗಿಸುತ್ತಿದ್ದಳು. ಅವನು ಎಲೆಗಳ ನಡುವಿನ ಬೆಳಕನ್ನು ನೋಡುತ್ತ ಮುಷ್ಟಿ ಬಿಚ್ಚಿ ಮುಚ್ಚಿ ಮಾಡುತ್ತಿದ್ದ. ಒಮ್ಮೊಮ್ಮೆ ನಮ್ಮಲ್ಲಿ ಯಾರೂ ಇಲ್ಲದ ಕಡೆ ನೋಡಿ ನಗುತ್ತಿದ್ದ. ಇಬ್ಬರು ಮುದುಕಿಯರೂ ಅದನ್ನು ಕಂಡೂ ಕಾಣದವರಂತೆ ಇರುತ್ತಿದ್ದರು.

ಹೂವು ಉದುರಿದ ಮೇಲೆ ಒಂದು ಬೆಳಿಗ್ಗೆ ಅವನಿಗೆ ಉಸಿರು ಕಷ್ಟವಾಯಿತು. ಅಪ್ಪ ಅಮ್ಮ ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು. ಮರುದಿನ ಮಧ್ಯಾಹ್ನ ಇಬ್ಬರೇ ಬಂದರು. ಕೂಸಿನ ಪುಟ್ಟ ಸೀಟು ಹಿಂದೆ ಹಾಗೇ ಇತ್ತು. ಅವನ ಎಳೆಯ ಪುಪ್ಪುಸಗಳಿಗೆ ಸೋಂಕು ತಡೆಯುವ ಶಕ್ತಿ ಇರಲಿಲ್ಲ ಎಂದು ಆಮೇಲೆ ನನಗೆ ತಿಳಿಯಿತು. ಅವತ್ತು ಅಮ್ಮ ಸೋಫಾದ ಮೇಲೆ ಕೂತು ತನ್ನ ಕೈಗಳನ್ನೇ ನೋಡುತ್ತಿದ್ದಳು. ಏನು ಮಾಡಬೇಕೆಂದು ಅಪ್ಪ ಫೋನಿನಲ್ಲಿ ಯಾರ ಯಾರನ್ನೋ ಕೇಳುತ್ತಿದ್ದಾಗ ಅಜ್ಜಿ ಒಂದೇ ಮಾತು ಹೇಳಿದಳು: "ಹಲ್ಲು ಬರದ ಕೂಸನ್ನ ಸುಡಂಗಿಲ್ಲಪಾ. ಮಣ್ಣಿಗೆ ಕೊಡಬೇಕು." ಊರ ಹೊರಗಿನ ಗುಡ್ಡದ ಸ್ಮಶಾನದಲ್ಲಿ ಅವನನ್ನು ಮಣ್ಣಿಗೆ ಕೊಟ್ಟು ಬಂದೆವು.

ಬಂದಾಗ ನೋರಾ ಆಂಟಿ ನಮ್ಮ ಮನೆಯಲ್ಲಿದ್ದಳು. ಅವಳ ಊರಿನ ಸಾವಿನ ಮನೆಗಳಲ್ಲಿ ಮಾಡುವಂತೆ ಗೋಡೆಯ ಗಡಿಯಾರ ನಿಲ್ಲಿಸಿದ್ದಳು, ಕನ್ನಡಿಗೆ ಬಟ್ಟೆ ಹೊದಿಸಿದ್ದಳು, ಹಿತ್ತಲ ಕಡೆಯ ಕಿಟಕಿ ತೆರೆದಿಟ್ಟಿದ್ದಳು. ಅಜ್ಜಿ ತೊಟ್ಟಿಲಿದ್ದ ಜಾಗದಲ್ಲಿ ದೀಪ ಹಚ್ಚಿ ಕೂತಳು. ನೋರಾ ಆಂಟಿ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಹಾಡಿಕೊಂಡು ಅಳತೊಡಗಿದಳು, ಧಾರವಾಡದ ಕಡೆಯ ಹೆಂಗಸರು ಅಳುವ ಹಾಗೆ: ಕೂಸಿನ ಮೂಗು, ಕೂಸಿನ ಮುಷ್ಟಿ, ಅದು ಹಾಕಿಕೊಳ್ಳದೇ ಹೋದ ಅಂಗಿ, ಏರದೇ ಹೋದ ಎಮ್ಮೆ, ಒಂದೊಂದನ್ನೇ ಕರೆದು. ನಡುವೆ ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ನೋರಾ ಆಂಟಿಯ ಗಂಟಲಿನಿಂದ ಇನ್ನೊಂದು ದನಿ ಎದ್ದಿತು. ಮಾತಿಲ್ಲದ, ಇಳಿದು ಏರುವ ದನಿ. ಅವಳ ಅಜ್ಜಿಯ ಕಾಲದಲ್ಲಿ ಸಾವಿನ ಮನೆಗಳಲ್ಲಿ ಹೆಂಗಸರು ಹೀಗೆ ಹಾಡಿ ಅಳುತ್ತಿದ್ದರಂತೆ, ಪಾದ್ರಿಗಳು ಬಿಡಿಸಿದ್ದರಂತೆ. ಮಾತು ಮರೆತು ರಾಗವಷ್ಟೇ ಅವಳಲ್ಲಿ ಉಳಿದಿತ್ತು. ಒಬ್ಬಳು ನಿಂತಲ್ಲಿ ಇನ್ನೊಬ್ಬಳು ಎತ್ತಿಕೊಂಡಳು. ಆಗ ಅಮ್ಮ ಸೋಫಾದಿಂದ ಜಾರಿ ಅವರ ನಡುವೆ ಬಂದು ಬಿದ್ದಳು, ಮೊದಲ ಸಲ ಅತ್ತಳು. ಅಪ್ಪ ಬಾಗಿಲಲ್ಲಿ ನಿಂತಿದ್ದವರು ಹೊರಗೆ ಹೋದರು.

ಆಮೇಲೆ ಅಪ್ಪ ಯಾರೊಡನೆಯೂ ಮಾತಾಡದಾದರು. ಕೆಲಸದಿಂದ ಬಂದು ಗ್ಯಾರೇಜಿನಲ್ಲಿ ಕೂರುತ್ತಿದ್ದರು. ಇಕ್ಕಳದ ವಿಷಯ ಅಜ್ಜಿ ಎತ್ತಲಿಲ್ಲ, ಅಮ್ಮ ಎತ್ತಲಿಲ್ಲ. ಎತ್ತದೇ ಇದ್ದದ್ದೇ ಮನೆಯ ತುಂಬ ತುಂಬಿಕೊಂಡಿತ್ತು. ಜುಲೈನ ಒಂದು ಸಂಜೆ ನಾನು ನೋರಾ ಆಂಟಿಯ ಮೇಜಿನ ಮೇಲೆ, ಅಜ್ಜಿ ಕಲಿಸಿದ್ದ ಕನ್ನಡ ಅಕ್ಷರ ತಿದ್ದುತ್ತಿದ್ದೆ. ಅಪ್ಪ ಹಿಂಬಾಗಿಲಿಗೆ ಬಂದರು. ಅವರು ಆ ಮನೆಯೊಳಗೆ ಕಾಲಿಟ್ಟದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಕೈಯಲ್ಲಿ ಒರೆಸಿ ಶುಚಿ ಮಾಡಿದ ಇಕ್ಕಳ. ಅದನ್ನು ಒಲೆಯ ಪಕ್ಕಕ್ಕೆ ಒರಗಿಸಿ, ಹೋಗದೆ ಅಲ್ಲೇ ನಿಂತರು. ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ, "ಅದನ್ನು ನಾನು ತೆಗೆದೆ," ಅಂದರು. "ಗೊತ್ತು," ಅಂದಳು ನೋರಾ ಆಂಟಿ. "ಇಂಥದ್ದನ್ನೆಲ್ಲ ನಾನು ನಂಬುವವನಲ್ಲ. ಈಗಲೂ ನಂಬುವುದಿಲ್ಲ. ಆದರೆ ತೆಗೆಯದೇ ಇದ್ದಿದ್ದರೆ?" ಅಂದರು.

ಅವಳು ಕುರ್ಚಿ ಎಳೆದು ಅವರನ್ನು ಕೂರಿಸಿದಳು. ನೀರು ಕಾಯಲು ಇಟ್ಟಳು. ಅವರ ಕಡೆ ಬೆನ್ನು ಮಾಡಿಕೊಂಡೇ ಹೇಳಿದಳು: "ನಮ್ಮಮ್ಮ ನಮ್ಮೆಲ್ಲರ ತೊಟ್ಟಿಲ ಮೇಲೂ ಈ ಇಕ್ಕಳ ಇಟ್ಟಿದ್ದಳು. ಕೊನೆಯ ಹುಡುಗಿಯ ತೊಟ್ಟಿಲ ಮೇಲೂ ಇತ್ತು. ಅವಳು ಹೋದ ಬೆಳಿಗ್ಗೆಯೂ ಇದು ಅಲ್ಲೇ ಇತ್ತು. ನಾನೇ ನೋಡಿದ್ದೆ." ಆ ಮಗುವಿಗೆ ಇನ್ನೂ ಜ್ಞಾನಸ್ನಾನ ಆಗಿರಲಿಲ್ಲ. ಅಂಥ ಮಕ್ಕಳಿಗೆ ಚರ್ಚಿನ ಅಂಗಳದಲ್ಲಿ ಜಾಗವಿರಲಿಲ್ಲ. ಹೊಲದ ಮೂಲೆಯಲ್ಲಿ, ಯಾರೂ ಕಡಿಯದ ಮುಳ್ಳಿನ ಮರದ ಕೆಳಗೆ ಅವರ ನೆಲ. ಹೆಸರಿನ ಕಲ್ಲಿಲ್ಲ. ತಂದೆಯಾದವನು ಒಬ್ಬನೇ ಎತ್ತಿಕೊಂಡು ಹೋಗಬೇಕು. "ನಮ್ಮಪ್ಪ ಕೋಟಿನೊಳಗೆ ಇಟ್ಟುಕೊಂಡು ಹೋದ. ಮಗುವಿಗೆ ಚಳಿಯಾಗುತ್ತದೆ ಎಂದು ಕೋಟಿನ ಗುಂಡಿ ಹಾಕಿಕೊಂಡ. ಆಮೇಲೆ ಊರಲ್ಲಿ ಎಲ್ಲರೂ, ಅವಳನ್ನು ಒಳ್ಳೆಯ ಜನ ಕರೆದುಕೊಂಡಿದ್ದಾರೆ, ಅಲ್ಲಿ ದಿನವೂ ಹಾಡು ಕುಣಿತ ಅಂದರು. ಅಪ್ಪ ಹೂಂ ಎಂದ. ನಂಬಿದನೋ ಇಲ್ಲವೋ ಗೊತ್ತಿಲ್ಲ. ಆದರೆ ದನ ಹೊಡೆದುಕೊಂಡು ಬರುವಾಗ ಆ ಮೂಲೆಗೆ ಬಂದರೆ ಹ್ಯಾಟು ತೆಗೆಯುತ್ತಿದ್ದ."

ಅಪ್ಪ ಮುಖ ಮುಚ್ಚಿಕೊಂಡಿದ್ದರು. ನೋರಾ ಆಂಟಿ ಚಹಾ ಅವರ ಮುಂದಿಟ್ಟು, ನನ್ನ ಕಡೆ ತಿರುಗಿ, "ಹೋಗು ಅಲಾನಾ, ನಿಮ್ಮಜ್ಜಿಯನ್ನು ಕರೆದುಕೊಂಡು ಬಾ," ಅಂದಳು. ಅಲಾನಾ ಎಂದರೆ ಅವಳ ಭಾಷೆಯಲ್ಲಿ ಮಗು. ಅಜ್ಜಿ ಬಂದು ಒಲೆಯ ಪಕ್ಕದ ಇಕ್ಕಳ ನೋಡಿದಳು. ಮಗನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. "ನಿನ್ನ ಮ್ಯಾಲ ಏನೂ ಇಲ್ಲೋ ಯಪ್ಪಾ. ನಿನಗಿಂತ ಮದಲ ಒಂದು ಹೋಗಿತ್ತು. ಅದರ ದಿಂಬಿನ ಕೆಳಗೂ ಕುಡಗೋಲು ಇತ್ತು," ಅಂದಳು. ಅಪ್ಪನಿಗೆ ಒಬ್ಬ ಅಣ್ಣನಿದ್ದನೆಂಬುದು ಅಪ್ಪನಿಗೇ ಅವತ್ತಿನವರೆಗೆ ಗೊತ್ತಿರಲಿಲ್ಲ.

ಆ ಸಂಜೆ ಕತ್ತಲಾಗುವವರೆಗೂ ಅಪ್ಪ ಅಲ್ಲಿದ್ದರು. ದೊಡ್ಡವರು ಮೂವರೂ ಬಾಗಿಲ ಮೆಟ್ಟಿಲ ಮೇಲೆ ಕೂತರು. ಮಿಂಚುಹುಳಗಳು ಹುಲ್ಲಿನಿಂದ ಏಳುತ್ತಿದ್ದವು. ಅಮ್ಮನೂ ಬಂದಳು. ನೋರಾ ಆಂಟಿ ಬೇಸಿಗೆಯಾದರೂ ಒಲೆಯಲ್ಲಿ ಊರಿನ ಮಣ್ಣಿನ ಚೂರೊಂದನ್ನು ಇಟ್ಟಳು. ಮರುದಿನದಿಂದ ಅಪ್ಪ ಗ್ಯಾರೇಜಿನಲ್ಲಿ ಕೂರಲಿಲ್ಲ. ಮನೆ ಮತ್ತೆ ಹಿಂದಿನಂತಾಯಿತು ಎನ್ನಲಾರೆ. ಆದರೆ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರತೊಡಗಿದೆವು.

ಎಲೆ ಕೆಂಪಾಗುವ ಹೊತ್ತಿಗೆ ಅಜ್ಜಿ ಊರಿಗೆ ಹೊರಟಳು. ನೋರಾ ಆಂಟಿ ತನ್ನ ಉಣ್ಣೆಯ ಶಾಲನ್ನು ಅವಳಿಗೆ ಹೊದಿಸಿದಳು. ಅಜ್ಜಿ ಅವಳ ಹಣೆಗೆ ಕುಂಕುಮ ಇಡಲು ಹೋಗಿ, ಗಂಡ ಹೋದವಳೆಂದು ನೆನಪಾಗಿ ಕೈ ತಡೆದು, ತಾನೂ ಇಡದವಳಾದ್ದರಿಂದ ಇಬ್ಬರ ಹಣೆಯನ್ನೂ ಒಂದಕ್ಕೊಂದು ತಾಗಿಸಿದಳು. ಕಾರು ಇಳಿಜಾರಿನಲ್ಲಿ ಮರೆಯಾಗುವವರೆಗೂ ನೋರಾ ಆಂಟಿ ಬೀದಿಯಲ್ಲಿ ನಿಂತಿದ್ದಳು. ಅವರು ಮತ್ತೆ ಭೇಟಿಯಾಗಲಿಲ್ಲ. ನಾನು ಕಾಲೇಜಿಗೆ ಹೋಗುವ ಮೊದಲೇ ಅಜ್ಜಿ ಧಾರವಾಡದಲ್ಲಿ ತೀರಿಕೊಂಡಳು. ಅಪ್ಪ ಅಮ್ಮ ಕೆಲಸದ ಬೆನ್ನು ಹತ್ತಿ ಅಟ್ಲಾಂಟಾದ ಕಡೆ, ನಾರ್‌ಕ್ರಾಸಿಗೆ ಹೋದರು. ನಮ್ಮ ಮನೆಯನ್ನು ಕೊಂಡವರು ಅದನ್ನು ಕೆಡವಿ ದೊಡ್ಡದು ಕಟ್ಟಿದರು. ಆಮೇಲೆ ನೋರಾ ಆಂಟಿಯ ಕಲ್ಲಿನ ಮನೆಯನ್ನೂ ಬೇರೆಯವರು ಕೊಂಡು ಒಳಗನ್ನೆಲ್ಲ ಬದಲಿಸಿದರು. ಆ ಅಡಿಗೆಮನೆಗಳೆರಡೂ ಈಗ ನನ್ನ ತಲೆಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ನೋರಾ ಆಂಟಿಯನ್ನು ನಾನು ಕೊನೆಯ ಸಲ ಕಂಡದ್ದು ಬಾಲ್ಟಿಮೋರ್ ಹತ್ತಿರದ ವೃದ್ಧರ ಮನೆಯಲ್ಲಿ. ಸಾಂಕ್ರಾಮಿಕದ ಕಾಲದಲ್ಲಿ ಮುಚ್ಚಿದ್ದ ಬಾಗಿಲುಗಳು ಆಗಷ್ಟೇ ತೆರೆದಿದ್ದವು. ವಿಲ್ಮಿಂಗ್ಟನ್ನಿನಿಂದ ದಿನವಿಡೀ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಅವಳು ಹಕ್ಕಿಯಷ್ಟು ಹಗುರಾಗಿ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ಪಾರ್ಕಿಂಗ್ ಜಾಗದ ಮೇಲೆ ಮೋಡ ಕವಿಯುತ್ತಿತ್ತು. ನನ್ನ ಹೆಸರು ಅವಳಿಗೆ ನೆನಪಿರಲಿಲ್ಲ. ನಾನು ನನ್ನ ಮಕ್ಕಳ ಬಗ್ಗೆ ಹೇಳಿದೆ, ಅವಳು ವಿನಯದಿಂದ ಕೇಳಿಸಿಕೊಂಡಳು. ಮಾತು ಮುಗಿದು ಸುಮ್ಮನೆ ಕೈ ಹಿಡಿದು ಕೂತಿದ್ದಾಗ ಇದ್ದಕ್ಕಿದ್ದಂತೆ ನನ್ನ ಕಡೆ ವಾಲಿ, ಗುಟ್ಟು ಕೇಳುವವಳಂತೆ ಕೇಳಿದಳು.

"ನಿಮ್ಮಜ್ಜಿ ಮನೆ ಮುಟ್ಟಿದಳಾ?"

"ಮುಟ್ಟಿದಳು ಆಂಟಿ," ಅಂದೆ.

"ಮಳೆ ಬರುವ ಮುಂಚೆ?"

"ಮಳೆ ಬರುವ ಮುಂಚೆಯೇ."

"ಒಳ್ಳೆಯದಾಯಿತು," ಎಂದು ಅವಳು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿದಳು.